ಮೈಕೇಲ್ ವೆಸ್ಟ್ ಮಹಾಶಯರು

ಕನ್ನಡದಲ್ಲಿ ಹತ್ತನೆಯ ತರಗತಿಯನ್ನು ಚೆನ್ನಾಗಿಯೇ ಮುಗಿಸಿದ ಎಷ್ಟೋ ಹುಡುಗಿಯರು ಕಾಲೇಜನ್ನು ಸೇರಿದೊಡನೆ ಇಂಗ್ಲಿಷ್ ಪಠ್ಯಪುಸ್ತಕದ ಮುಂದೆ ಮೂಕಿಯರಾಗುವುದನ್ನು ಪೋಷಕರು ಬಲ್ಲರು. ಬುದ್ಧಿ ಸಾಲದೆ ಹೀಗಾಗುವುದಿಲ್ಲ, ಶಬ್ದಗಳು ಸಾಲವು. ಓದುವವರು ಹೊರಲಾರದಷ್ಟು ಶಬ್ದಗಳನ್ನು ಪಠ್ಯವು ಅವರ ಮೇಲೆ ಹೇರಬಾರದೆಂದು ಬಹುಕಾಲ ಶ್ರಮಿಸಿದ ಮೈಕೇಲ್ ವೆಸ್ಟ್ ಮಹಾಶಯರ ಚರಿತ್ರೆಯನ್ನು ಆದಕಾರಣ ಇಲ್ಲಿ ಬರೆಯುತ್ತೇವೆ.

1888ರಲ್ಲಿ ಜನಿಸಿದ ಈ ಆಂಗ್ಲ ಮಹನೀಯರು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ಭಾರತದ ವಿದ್ಯಾಭ್ಯಾಸದ ಇಲಾಖೆಯನ್ನು ಸೇರಿ ಬಂಗಾಳಕ್ಕೆ ಬಂದರು. ಈಗ ಬಾಂಗ್ಲಾದೇಶದ ರಾಜಧಾನಿಯಾಗಿರುವ ಢಾಕಾ ನಗರದಲ್ಲಿ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥರಾದರು. ಅಲ್ಲಿನ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಕಲಿತರೂ ಒಂದು ಸಣ್ಣ ಪುಸ್ತಕವನ್ನು ತಾವಾಗಿ ಓದಲಾರದಿದ್ದರು. ಬಹುಮಂದಿ ನಡುವೆಯೇ ಶಾಲೆ ಬಿಡುತ್ತಿದ್ದರು. ಬಿಟ್ಟವರಿಗೆ ಕಲಿತುದರ ಫಲವೇನೂ ಉಳಿಯುತ್ತಿರಲಿಲ್ಲ. ಅರ್ಧದಲ್ಲಿ ಬಿಟ್ಟ ಮಗುವಿಗೂ ಏನಾದರೂ ದಕ್ಕಬೇಕೆಂಬುದೇ ವೆಸ್ಟರ ಚಿಂತೆಯಾಯಿತು. ಬಡತನದಿಂದಲೋ ಮದುವೆಯ ಕಾರಣದಿಂದಲೋ ಓದು ನಿಲ್ಲಿಸಿದ ಹೆಣ್ಣುಮಕ್ಕಳನ್ನು ಕಂಡಿರುವ ನಮಗೆ ಇದು ಎದೆಗೆ ನಾಟುವ ಮಾತು.

ಅವರು ಪಠ್ಯಪುಸ್ತಕಗಳನ್ನೇ ಪರೀಕ್ಷಿಸಿದರು. ಹೊಸ ಶಬ್ದಗಳು ಪುಟಪುಟದಲ್ಲಿಯೂ ಕಿಕ್ಕಿರಿದಿದ್ದವು. ಅನೇಕವು ಒಮ್ಮೆ ತಲೆದೋರಿ ಮತ್ತೆ ಬಾರವು. ವೆಸ್ಟರು ಅಪರೂಪದ ಶಬ್ದಗಳನ್ನು ತೆಗೆದು ಬಳಕೆಯವನ್ನಿಟ್ಟರು. ಹೊಸವನ್ನು ಸ್ವಲ್ಪಸ್ವಲ್ಪವಾಗಿ ತಂದು, ತಂದುದನ್ನು ಮತ್ತೆ ಮತ್ತೆ ಬಳಸಿದರು. ‘ನ್ಯೂ ಮೆಥಡ್’ ವಾಚಕಗಳು ಹುಟ್ಟಿದುದು ಹೀಗೆ. ಬಂಗಾಳದ ಅನುಭವವನ್ನು ವಿವರಿಸುವ ‘ಬೈಲಿಂಗ್ವಲಿಸಂ’ ಎಂಬ ಗ್ರಂಥವು 1926ರಲ್ಲಿ ಪ್ರಕಟವಾಯಿತು. 1935ರಲ್ಲಿ, ಚೀನದಲ್ಲಿ ಸೇವೆ ಮಾಡುತ್ತಿದ್ದ ಕೆನಡದ ಮಿಶನೆರಿ ಎಂಡಿಕಾಟರೊಡನೆ ಒಂದು ನಿಘಂಟನ್ನು ರಚಿಸಿದರು. ಅದರಲ್ಲಿ ಸುಮಾರು 24,000 ಶಬ್ದ ಮತ್ತು ನುಡಿಗಟ್ಟುಗಳಿಗೆ 1,490 ಶಬ್ದಗಳಿಂದಲೇ ಅರ್ಥ ಹೇಳಿದೆ! ಕಠಿಣ ಶಬ್ದಕ್ಕೆ ಅದಕ್ಕಿಂತ ಕಠಿಣವಾದ ಅರ್ಥವನ್ನು ಬರೆದುಕೊಡುವ ನಮ್ಮ ನೋಟ್ಸುಗಾರರು ಇದನ್ನೊಮ್ಮೆ ತೆರೆದು ನೋಡಬಾರದೇ?

ಓದನ್ನು ಮುಂದಿಟ್ಟು ಮಾತನ್ನು ಹಿಂದಿಟ್ಟ ಅವರ ಕ್ರಮವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2,000 ಶಬ್ದಗಳ ಪಟ್ಟಿಯಾದರೋ ಮುಂದಿನ ಸಂಶೋಧಕರಿಗೆ ಅಳತೆಗೋಲಾಯಿತು. 1973ರಲ್ಲಿ ಅವರು ತೀರಿಕೊಂಡರು.

ಆ ಪಟ್ಟಿಯನ್ನು ಕಲಿತವಳು ಕಾಲೇಜಿನ ಪುಸ್ತಕವನ್ನು ಓದಬಲ್ಲಳೇ? ನ್ಯೂಜಿಲೆಂಡಿನ ವಿದುಷಿ ಆವೆರಿಲ್ ಕಾಕ್ಸ್‌ಹೆಡ್ ಎಂಬವರು ವಿಶ್ವವಿದ್ಯಾನಿಲಯದ ಬರಹಗಳನ್ನು ಎಣಿಸಿ 2000ನೇ ಇಸವಿಯಲ್ಲಿ ಉತ್ತರವಿತ್ತರು. ಅಲ್ಲಿನ ಪ್ರತಿ ನೂರು ಪದಗಳಲ್ಲಿ ಸುಮಾರು 76 ವೆಸ್ಟರ ಪಟ್ಟಿಯವು. ಅವರೇ ಆರಿಸಿದ 570 ಶಬ್ದಕುಟುಂಬಗಳಿಂದ ಇನ್ನು 10 ದೊರೆಯುವುವು. ಮಿಕ್ಕವು 14. ಯಾರ ನೆರವೂ ಇಲ್ಲದೆ ಓದಬೇಕಾದರೆ ನೂರರಲ್ಲಿ 98 ತಿಳಿದಿರಬೇಕೆಂದು ಈಚಿನ ಪಂಡಿತರು ಹೇಳುತ್ತಾರೆ. ಆ ಹದಿನಾಲ್ಕರಲ್ಲಿ ಆಯಾ ಶಾಸ್ತ್ರದ ಪಾರಿಭಾಷಿಕ ಶಬ್ದಗಳೂ ಸೇರಿರುವುದರಿಂದ, ಅವನ್ನು ಇಂಗ್ಲಿಷ್ ಉಪಾಧ್ಯಾಯಿನಿಯ ತಲೆಗೇ ಕಟ್ಟದೆ ಆಯಾ ವಿಷಯದವರು ತಾವೇ ಕಲಿಸಬೇಕಾಗುವುದು.