ದಪ್ಪಕ್ಷರದ ರಾಬರ್ಟ್ ಬೆಸ್ಲಿ

ಕಾಲೇಜಿನ ರಾಜ್ಯೋತ್ಸವದ ಬ್ಯಾನರ್ ನಾನೇ ಮಾಡಿದ್ದು. ಇಂಗ್ಲಿಷ್ ಸಾಲಿಗೆ ರಾಕ್‌ವೆಲ್ ಬೋಲ್ಡ್ ಇಟಾಲಿಕ್ ಹಾಕಿದೆ, ಗಟ್ಟಿಯಾಗಿ ನಿಂತಿತು. ಅದೇ ಹುರುಪಲ್ಲಿ ಕನ್ನಡಕ್ಕೂ ಬೋಲ್ಡ್, ಇಟಾಲಿಕ್ ಎರಡೂ ಬಟನ್ ಒತ್ತಿಬಿಟ್ಟೆ. ಮೆಟ್ರಿಯಿಂದ ಬಂದಿದ್ದ ಅಪ್ಪ ಅದರ ಮುಂದೆ ನಿಂತು, ಓದೋಕೆ ಆಗ್ತಿಲ್ಲ ಅಂದ್ರು. ಅವತ್ತು ರಾತ್ರಿ ಈ ಬೋಲ್ಡ್ ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕವರು ರಾಬರ್ಟ್ ಬೆಸ್ಲಿ.

ಬೆಸ್ಲಿ ಹುಟ್ಟಿದ್ದು 1794ರಲ್ಲಿ, ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ. 1826ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿ ಸೇರಿದರು. ಅಚ್ಚಿನ ಮೊಳೆ ಎರಕ ಹೊಯ್ಯುವ ಕಾರ್ಖಾನೆ ಅದು. ಇವರ ಕೆಲಸ ಊರೂರು ತಿರುಗಿ ಮೊಳೆ ಮಾರೋದು. 1838ರಲ್ಲಿ ಅಲ್ಲೇ ಪಾಲುದಾರರಾದರು.

ಆಗ ಸ್ಲ್ಯಾಬ್ ಸೆರಿಫ್ ಅಕ್ಷರಗಳು ಮಾರುಕಟ್ಟೆಯಲ್ಲಿ ಇದ್ದವು. ಅಕ್ಷರದ ತುದಿಗೆ ಹಲಗೆಯಂಥ ದಪ್ಪ ಪಾದ ಇದ್ದರೆ ಅದು ಸ್ಲ್ಯಾಬ್. ಗೋಡೆಯ ಪೋಸ್ಟರಿಗೆ ಸರಿ, ಪುಸ್ತಕದ ಸಾಲಿನೊಳಗೆ ಹಾಕಿದರೆ ಮಾತ್ರ ಭಾರ. ಬೆಸ್ಲಿ 1845ರಲ್ಲಿ ತಂದ ಕ್ಲಾರೆಂಡನ್ ಇದಕ್ಕೆ ಉತ್ತರ. ಮೊಳೆ ಕೊರೆದವರು ಬೆಂಜಮಿನ್ ಫಾಕ್ಸ್. ಪಾದ ದಪ್ಪ ಇದ್ದರೂ ಕಂಬಕ್ಕೆ ಸೇರುವಲ್ಲಿ ಬಾಗು ಕೊಟ್ಟರು. ಹಾಗಾಗಿ ಸಾಮಾನ್ಯ ಅಕ್ಷರದ ಪಕ್ಕ, ಅದೇ ಸಾಲಲ್ಲಿ ಇದು ಹೊಂದಿಕೊಂಡಿತು. ನಿಘಂಟಿನಲ್ಲಿ ಪದ ದಪ್ಪ, ಅರ್ಥ ತೆಳು ಅನ್ನೋ ಕ್ರಮ ಸಲೀಸಾಗಿದ್ದು ಇಂಥ ಅಕ್ಷರದಿಂದ.

ವಿನ್ಯಾಸವನ್ನು ಬೆಸ್ಲಿ ನೋಂದಾಯಿಸಿದ್ದರು. ಆದರೆ ಕಾನೂನಿನ ರಕ್ಷಣೆ ಇದ್ದಿದ್ದು ಮೂರೇ ವರ್ಷ. ಅದು ಮುಗೀತಿದ್ದಂಗೆ ಬೇರೆ ಫೌಂಡ್ರಿಗಳು ನಕಲು ಸುರಿದವು. ಬೆಸ್ಲಿ ಸಿಟ್ಟಾದರು, ಪ್ರಯೋಜನ ಆಗಲಿಲ್ಲ. ಅಕ್ಷರ ಮಾತ್ರ ಊರೆಲ್ಲಾ ಹಬ್ಬಿತು. 1861ರಲ್ಲಿ ನಿವೃತ್ತರಾಗಿ, 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದರು. 1876ರಲ್ಲಿ ತೀರಿಕೊಂಡರು. ಮೊಳೆ ಮಾರುತ್ತಿದ್ದವರು ನಗರದ ಮೊದಲ ಪ್ರಜೆಯಾಗಿದ್ದರು!

1953ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಗಾಗಿ ಹರ್ಮನ್ ಐಡೆನ್‌ಬೆಂಜ್ ಕ್ಲಾರೆಂಡನ್‌ಗೆ ಮರುಜೀವ ಕೊಟ್ಟರು. ನಾನು ಹಾಕಿದ ರಾಕ್‌ವೆಲ್ 1934ರದ್ದು, ಅದೇ ಸ್ಲ್ಯಾಬ್ ವಂಶ. ಅದರ ಇಟಾಲಿಕ್ ಕೈಬರಹದ ಬಳುಕಲ್ಲ, ನೆಟ್ಟಗಿನ ಅಕ್ಷರವೇ ವಾಲಿದ್ದು. ಪಾದ ದಪ್ಪ ಇರೋದರಿಂದ ವಾಲಿದರೂ ಬೀಳಲ್ಲ. ಅದಕ್ಕೇ ಆಟದ ಜೆರ್ಸಿ, ಶೀರ್ಷಿಕೆ, ಜಾಹೀರಾತಿಗೆ ಇದು ಚೆನ್ನ. ಪುಟಗಟ್ಟಲೆ ಓದೋಕೆ ಬೇಡ.

ಕನ್ನಡದ ಲೆಕ್ಕ ಬೇರೆ. ನಮ್ಮ ಒತ್ತಕ್ಷರ ಬೇಸ್‌ಲೈನಿನ ಕೆಳಗೆ ಕೂರುತ್ತೆ. ಸಾಫ್ಟ್‌ವೇರ್ 12 ಡಿಗ್ರಿ ವಾಲಿಸಿತು ಅನ್ಕೊಳ್ಳಿ: 10 ಸೆಂಟಿಮೀಟರ್ ಕೆಳಗಿರೋ ಒತ್ತಿನ ತುದಿ ಸುಮಾರು 2 ಸೆಂಟಿಮೀಟರ್ ಎಡಕ್ಕೆ ಜಾರುತ್ತೆ, ತಲೆಕಟ್ಟು ಬಲಕ್ಕೆ. ಮೇಲೆ ದಪ್ಪವನ್ನೂ ತುಂಬಿದರೆ ಒಳಗಿನ ಸಂದು ಮುಚ್ಚಿಹೋಗುತ್ತೆ. ನನ್ನ ಬ್ಯಾನರಿನಲ್ಲಿ ಆಗಿದ್ದು ಇಷ್ಟೇ.

ಬೆಸ್ಲಿ ಬಟನ್ ಒತ್ತಲಿಲ್ಲ. ದಪ್ಪಕ್ಕೆ ಅಂತಲೇ ಪ್ರತಿ ಅಕ್ಷರವನ್ನೂ ಬೇರೆ ಕೊರೆಸಿದರು. ಈ ಸಲದ ಬ್ಯಾನರಿಗೆ ದಪ್ಪವಾಗಿಯೇ ಬರೆದ ಕನ್ನಡ ಫಾಂಟ್ ಹಾಕಿದ್ದೀನಿ, ನೆಟ್ಟಗೆ. ಅಪ್ಪ ದೂರದಿಂದಲೇ ಓದಿದ್ರು.