ನೋಟವನ್ನು ನೂಲಿನಿಂದ ಅಳೆದ ಆಲ್ಬ್ರೆಕ್ಟ್ ಡ್ಯೂರರ್

ಜರ್ಮನಿ ದೇಶದ ನ್ಯೂರೆಂಬರ್ಗ್ ಪಟ್ಟಣವು ಹದಿನೈದನೆಯ ಶತಮಾನದಲ್ಲಿ ಅಕ್ಕಸಾಲಿಗರಿಗೂ ಮುದ್ರಣಕಾರರಿಗೂ ಹೆಸರಾದ ಊರಾಗಿದ್ದಿತು. ಅಲ್ಲಿ 1471ನೆಯ ಇಸವಿ ಮೇ ತಿಂಗಳು 21ನೆಯ ತಾರೀಖು ಆಲ್ಬ್ರೆಕ್ಟ್ ಡ್ಯೂರರನು ಜನಿಸಿದನು. ಇವನ ತಂದೆಯು ಹಂಗೆರಿ ದೇಶದಿಂದ ಬಂದು ನೆಲೆಸಿದ ಅಕ್ಕಸಾಲಿಗನು. ತಾಯಿಯ ಹೆಸರು ಬಾರ್ಬರಾ. ಈ ದಂಪತಿಗಳಿಗೆ ಹದಿನೆಂಟು ಮಕ್ಕಳು ಹುಟ್ಟಿದರೂ ದೊಡ್ಡವರಾಗಿ ಬಾಳಿದವರು ಮೂವರು ಗಂಡುಮಕ್ಕಳು ಮಾತ್ರ. ಆ ತಾಯಿಯು ಎಷ್ಟು ತೊಟ್ಟಿಲುಗಳನ್ನು ಬರಿದಾಗಿ ಕಂಡಳೆಂಬುದನ್ನು ವಾಚಕರಾದ ತಾಯಂದಿರು ತಾವೇ ಊಹಿಸಿಕೊಳ್ಳಬಹುದು.

ಬಾಲಕನು ಮೊದಲು ತಂದೆಯ ಬಳಿಯಲ್ಲಿಯೇ ಕಸಬನ್ನು ಕಲಿತನು. ಹದಿಮೂರನೆಯ ವಯಸ್ಸಿನಲ್ಲಿ, 1484ರಲ್ಲಿ, ಕನ್ನಡಿಯನ್ನು ನೋಡಿಕೊಂಡು ಬೆಳ್ಳಿಯ ಕಡ್ಡಿಯಿಂದ ತನ್ನ ರೂಪವನ್ನು ತಾನೇ ಬರೆದನು. ಆ ಚಿತ್ರವು ಇಂದಿಗೂ ಉಳಿದಿದೆ. ಚಿನ್ನದ ಕೆಲಸಕ್ಕಿಂತ ಚಿತ್ರದ ಕೆಲಸವೇ ತನಗೆ ಪ್ರಿಯವೆಂದು ಮಗನು ತಿಳಿಸಿದಾಗ, ಅಷ್ಟು ವರ್ಷಗಳ ಕಲಿಕೆಯು ವ್ಯರ್ಥವಾಯಿತೆಂದು ತಂದೆಗೆ ವ್ಯಥೆಯಾಯಿತು. ಆದರೂ ಆತನು ಮಗನ ಮನಸ್ಸನ್ನು ಮುರಿಯದೆ, 1486ರಲ್ಲಿ ಮೈಕೆಲ್ ವೋಲ್ಗೆಮುಟ್ ಎಂಬ ಚಿತ್ರಗಾರನ ಬಳಿ ಮೂರು ವರ್ಷಗಳ ಶಿಷ್ಯವೃತ್ತಿಗೆ ಸೇರಿಸಿದನು. ಅಲ್ಲಿ ಡ್ಯೂರರನು ಮರದ ಹಲಗೆಯಲ್ಲಿ ಚಿತ್ರ ಕೊರೆದು ಮುದ್ರಿಸುವ ವಿದ್ಯೆಯನ್ನು ಕಲಿತನು. ಅನಂತರ ದೇಶಸಂಚಾರ ಮಾಡಿ, 1494ರಲ್ಲಿ ಆಗ್ನೆಸ್ ಫ್ರೈ ಎಂಬಾಕೆಯನ್ನು ವಿವಾಹವಾದನು. ಇವರಿಗೆ ಮಕ್ಕಳಾಗಲಿಲ್ಲ. ಗಂಡನು ಮುದ್ರಿಸಿದ ಚಿತ್ರಗಳನ್ನು ಸಂತೆ ಜಾತ್ರೆಗಳಲ್ಲಿ ಮಾರಿ ಮನೆಯ ಲೆಕ್ಕವನ್ನು ಸರಿದೂಗಿಸಿದವಳು ಆಗ್ನೆಸಳೇ. ಆತನ ಚರಿತ್ರೆಯನ್ನು ಬರೆದವರಲ್ಲಿ ಹಲವರು ಈಕೆಯನ್ನು ಜಗಳಗಂಟಿಯೆಂದು ದೂರಿದ್ದಾರೆ. ಆಕೆಯ ದುಡಿಮೆಯನ್ನು ನೋಡಿದರೆ ಆ ದೂರು ನ್ಯಾಯವೆಂದು ನಮಗೆ ತೋರುವುದಿಲ್ಲ.

ಡ್ಯೂರರನ ಬಾಳಿಗೆ ತಿರುವು ಕೊಟ್ಟದ್ದು ಒಂದು ನಿರಾಕರಣೆ. ವೆನಿಸ್ ನಗರದವನಾದ ಯಾಕೊಪೊ ದೆ ಬಾರ್ಬರಿ ಎಂಬ ಚಿತ್ರಗಾರನು, ಅಳತೆಯ ಲೆಕ್ಕದಿಂದ ರಚಿಸಿದ ಒಂದು ಗಂಡಿನ ಮತ್ತು ಒಂದು ಹೆಣ್ಣಿನ ಆಕೃತಿಗಳನ್ನು ಈತನಿಗೆ ತೋರಿಸಿದನು. ಆ ಲೆಕ್ಕವು ಯಾವುದೆಂದು ಯುವಕನು ಕೇಳಲು, ಬಾರ್ಬರಿಯು ಸ್ಪಷ್ಟವಾಗಿ ಹೇಳಿಕೊಡಲಿಲ್ಲ. ಕಸಬಿನ ಗುಟ್ಟನ್ನು ಮನೆಯವರಲ್ಲದವರಿಗೆ ಬಿಟ್ಟುಕೊಡದಿರುವುದು ಆ ಕಾಲದ ವಾಡಿಕೆ. ನಮ್ಮ ದೇಶದಲ್ಲಿಯೂ ಅದು ಅಪರೂಪವಾಗಿರಲಿಲ್ಲ. ಡ್ಯೂರರನು ಕೋಪಗೊಳ್ಳದೆ, ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನ ಗ್ರಂಥವನ್ನು ಹಿಡಿದು ಸ್ವತಃ ಶೋಧಿಸತೊಡಗಿದನು. 1506ರ ಅಕ್ಟೋಬರಿನಲ್ಲಿ ವೆನಿಸಿನಿಂದ ತನ್ನ ಮಿತ್ರ ಪಿರ್ಕ್‌ಹೈಮರನಿಗೆ ಕಾಗದ ಬರೆದು, ದೂರದರ್ಶನ ಕ್ರಮದ ರಹಸ್ಯವನ್ನು ಕಲಿಸುವ ಒಬ್ಬನಿರುವನೆಂದು ಕೇಳಿ ಬೊಲೊನ್ಯಾ ನಗರಕ್ಕೆ ಕುದುರೆಯ ಮೇಲೆ ಹೊರಡಲಿರುವುದಾಗಿ ತಿಳಿಸಿದನು. (ದೂರದರ್ಶನವೆಂದರೆ ಇಲ್ಲಿ ಟೆಲಿವಿಷನ್ ಅಲ್ಲ, ಹತ್ತಿರದ ವಸ್ತುವು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವಂತೆ ಬರೆಯುವ ಕ್ರಮ.) ಮರು ವರ್ಷ ಒಂದು ಡ್ಯುಕಾಟ್ ನಾಣ್ಯವನ್ನು ಕೊಟ್ಟು ಯೂಕ್ಲಿಡನ ರೇಖಾಗಣಿತವನ್ನು ಕೊಂಡನು.

ಇಷ್ಟರಲ್ಲಿ ಆತನ ಕೀರ್ತಿಯು ಹಬ್ಬಿದ್ದಿತು. ಸತ್ಯವೇದದ ಪ್ರಕಟನೆಯ ಗ್ರಂಥಕ್ಕೆ 1498ರಲ್ಲಿ ತಾನೇ ಪ್ರಕಾಶಕನಾಗಿ ಹೊರತಂದ ಹದಿನೈದು ಚಿತ್ರಗಳೂ, 1508ರಲ್ಲಿ ಬರೆದ ಪ್ರಾರ್ಥಿಸುವ ಕೈಗಳೂ ಲೋಕಪ್ರಸಿದ್ಧವಾಗಿವೆ. ತಾಯಿಯು ತೀರಿಕೊಂಡ 1514ರಲ್ಲಿ ಕೊರೆದ ವಿಷಣ್ಣತೆಯ ಚಿತ್ರದಲ್ಲಿ ಹದಿನಾರು ಮನೆಗಳ ಒಂದು ಮಾಯಾಚೌಕವಿದೆ. ಅಡ್ಡ, ಉದ್ದ, ಮೂಲೆ ಹೇಗೆ ಕೂಡಿದರೂ 34 ಬರುವುದು. ಕೆಳಸಾಲಿನ ನಡುವೆ 15, 14 ಎಂದು ಆ ಇಸವಿಯೇ ಕುಳಿತಿದೆ.

1515ರಲ್ಲಿ ಬರೆದ ಖಡ್ಗಮೃಗದ ಕಥೆಯು ನಮಗೆ ಇನ್ನೂ ಹತ್ತಿರದ್ದು. ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಕಾಣಿಕೆಯಾಗಿ ಕೊಟ್ಟ ಆ ಪ್ರಾಣಿಯು ಗೋವೆಯಿಂದ ಹಡಗನ್ನೇರಿ ಲಿಸ್ಬನ್ ನಗರವನ್ನು ಮುಟ್ಟಿತು. ಡ್ಯೂರರನು ಅದನ್ನು ಕಣ್ಣಾರೆ ಕಾಣಲಿಲ್ಲ. ಯಾರೋ ಕಳುಹಿಸಿದ ವರ್ಣನೆಯನ್ನೂ ಗೀಟುಚಿತ್ರವನ್ನೂ ನಂಬಿ ಬರೆದುದರಿಂದ, ಮೈಗೆ ಲೋಹದ ಕವಚವಿರುವಂತೆಯೂ ಬೆನ್ನ ಮೇಲೆ ಮತ್ತೊಂದು ಪುಟ್ಟ ಕೊಂಬಿರುವಂತೆಯೂ ತೋರಿಸಿದನು. ಹದಿನೆಂಟನೆಯ ಶತಮಾನದವರೆಗೂ ಯೂರೋಪಿನವರು ಆ ಸುಳ್ಳುಕೊಂಬನ್ನೇ ತಮ್ಮ ಪುಸ್ತಕಗಳಲ್ಲಿ ನಕಲು ಮಾಡುತ್ತಿದ್ದರು. ಮಹಾ ಕಲಾವಿದನ ಕೈಯಾದರೂ ಕಣ್ಣು ಅಳೆಯದ ಕಡೆ ತಪ್ಪಿತು.

1520ರ ಕೊನೆಯಲ್ಲಿ, ದಡಕ್ಕೆ ಬಿದ್ದ ತಿಮಿಂಗಿಲವನ್ನು ನೋಡುವ ಆಸೆಯಿಂದ ನೆದರ್ಲೆಂಡಿನ ಝೀಲೆಂಡ್ ಪ್ರಾಂತಕ್ಕೆ ಹೋದನು. ಅಷ್ಟರಲ್ಲಿ ಅಲೆಯು ಅದನ್ನು ಕೊಂಡೊಯ್ದಿತ್ತು. ಆ ಪ್ರಯಾಣದಲ್ಲಿ ತಗುಲಿದ ಜ್ವರವು ಮತ್ತೆ ಮತ್ತೆ ಮರುಕಳಿಸಿ ಶರೀರವನ್ನು ಕ್ಷೀಣಿಸಿತು. ತನಗೆ ಉಳಿದಿರುವ ಕಾಲವು ಸ್ವಲ್ಪವೆಂದು ಅರಿತವನಂತೆ, ಆತನು ಕುಂಚಕ್ಕಿಂತ ಹೆಚ್ಚಾಗಿ ಲೇಖನಿಯನ್ನು ಹಿಡಿದನು.

1525ರಲ್ಲಿ ಪ್ರಕಟವಾದ ಅಳತೆಯ ಗ್ರಂಥವು ಆ ಶ್ರಮದ ಫಲ. ಪಂಡಿತರ ಲ್ಯಾಟಿನ್ ಭಾಷೆಯನ್ನು ಬಿಟ್ಟು ಜರ್ಮನ್ ಭಾಷೆಯಲ್ಲಿ, ಚಿತ್ರಗಾರರಿಗೂ ಅಕ್ಕಸಾಲಿಗರಿಗೂ ಕಲ್ಲುಕುಟಿಗರಿಗೂ ಬಡಗಿಗಳಿಗೂ ತಿಳಿಯುವಂತೆ ಅದನ್ನು ಬರೆದನು. ಪಾರಿಭಾಷಿಕ ಪದಗಳು ಸಿಕ್ಕದೆಡೆ ಆಡುಮಾತಿನಿಂದಲೇ ಹೆಸರಿಟ್ಟನು: ಎಲಿಪ್ಸಿಗೆ ಮೊಟ್ಟೆಗೆರೆ, ಪ್ಯಾರಾಬೊಲಕ್ಕೆ ಉರಿಗೆರೆ, ಹೈಪರ್ಬೊಲಕ್ಕೆ ಕವಲುಗೆರೆ ಎಂಬರ್ಥದ ಮಾತುಗಳು. ಬಾರ್ಬರಿಯು ಮುಚ್ಚಿಟ್ಟಂಥ ವಿದ್ಯೆಯನ್ನು ಈತನು ಬೀದಿಯ ಕುಶಲಕರ್ಮಿಗೂ ತೆರೆದಿಟ್ಟನು.

ಆ ಗ್ರಂಥದ ಕೊನೆಯಲ್ಲಿರುವ ಒಂದು ಚಿತ್ರವನ್ನು ವಿವರವಾಗಿ ನೋಡಬೇಕು. ಮೇಜಿನ ಮೇಲೆ ಲ್ಯೂಟ್ ಎಂಬ, ಹೊಟ್ಟೆಯುಬ್ಬಿದ ತಂತಿವಾದ್ಯವಿದೆ. ಎದುರು ಗೋಡೆಗೆ ಬಳೆಯುಳ್ಳ ಒಂದು ಮೊಳೆ; ಅದೇ ನೋಡುವವನ ಕಣ್ಣು. ಮೊಳೆಗೂ ವಾದ್ಯಕ್ಕೂ ನಡುವೆ ಮರದ ಚೌಕಟ್ಟು, ಅದಕ್ಕೆ ಬಾಗಿಲಿನಂತೆ ಜೋಡಿಸಿದ ಕಾಗದದ ಹಲಗೆ. ಮೊಳೆಯ ಬಳೆಯೊಳಗಿಂದ ಹಾಯ್ದ ದಾರಕ್ಕೆ ಒಂದು ತುದಿಯಲ್ಲಿ ತೂಕದ ಗುಂಡು, ಇನ್ನೊಂದು ತುದಿಯಲ್ಲಿ ಚೂಪಾದ ಕಡ್ಡಿ. ಒಬ್ಬನು ಆ ಕಡ್ಡಿಯನ್ನು ವಾದ್ಯದ ಒಂದು ಬಿಂದುವಿಗೆ ಮುಟ್ಟಿಸುವನು. ದಾರವು ಚೌಕಟ್ಟನ್ನು ಎಲ್ಲಿ ಹಾಯುವುದೋ ಅಲ್ಲಿ ಮತ್ತೊಬ್ಬನು ಎರಡು ಅಡ್ಡದಾರಗಳನ್ನು ಸಂಧಿಸುವನು. ಬಳಿಕ ಉದ್ದದಾರವನ್ನು ಸರಿಸಿ, ಹಲಗೆಯನ್ನು ಮುಚ್ಚಿ, ಆ ಸಂಧಿಯಲ್ಲಿ ಚುಕ್ಕೆಯಿಡುವನು. ಹೀಗೆ ಚುಕ್ಕೆಗೆ ಚುಕ್ಕೆ ಸೇರಿ ವಾದ್ಯದ ರೂಪವು ಕಾಗದದ ಮೇಲೆ ಮೂಡುವುದು. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ನೂಲಿನ ಉಪಯೋಗಗಳು ಹೊಸವಲ್ಲ. ಆದರೆ ನೋಟವನ್ನೇ ನೂಲಾಗಿ ಎಳೆದು ಕಟ್ಟಿದ ಈ ಯುಕ್ತಿಯು ಎಂಥವರನ್ನೂ ಬೆರಗುಗೊಳಿಸದಿರದು.

ನಮ್ಮ ಶಾಲೆಯಂಥ ಶಾಲೆಗಳಿಂದ ಹೊರಟು ಇಂದು ಗಣಕಯಂತ್ರದ ವಿದ್ಯೆಯನ್ನು ಕಲಿಯುವ ಹೆಣ್ಣುಮಕ್ಕಳು ರೇ ಟ್ರೇಸಿಂಗ್ ಎಂಬ ಹೆಸರಿನಲ್ಲಿ ಅಭ್ಯಸಿಸುವುದು ಇದನ್ನೇ. ಮೊಳೆಯ ಬದಲು ಕಲ್ಪಿತ ಕಣ್ಣು, ಚೌಕಟ್ಟಿನ ಬದಲು ಬ್ರೌಸರಿನ ಪರದೆ, ದಾರದ ಬದಲು ಗಣಿತದ ಕಿರಣ. ದೀಪದಿಂದ ಹೊರಟ ಬೆಳಕಿನಲ್ಲಿ ಬಹುಭಾಗವು ಕಣ್ಣನ್ನು ಸೇರುವುದೇ ಇಲ್ಲವಾದ ಕಾರಣ, ಕಿರಣವನ್ನು ಡ್ಯೂರರನಂತೆಯೇ ಕಣ್ಣಿನಿಂದ ಹಿಂದಕ್ಕೆ ಎಳೆಯುತ್ತಾರೆ. ಕಿರಣವು ಗೋಳವನ್ನು ಮುಟ್ಟುವುದೋ ಇಲ್ಲವೋ ಎಂಬುದನ್ನು ಹತ್ತನೆಯ ತರಗತಿಯ ವರ್ಗ ಸಮೀಕರಣವೇ ಹೇಳುವುದು: ಶೋಧಕವು ಋಣವಾದರೆ ಮುಟ್ಟಲಿಲ್ಲ; ಧನವಾದರೆ ಎರಡು ಬಿಂದುಗಳು, ಅವುಗಳಲ್ಲಿ ಕಣ್ಣಿನ ಮುಂದೆ ಹತ್ತಿರವಿರುವುದನ್ನು ಆರಿಸಬೇಕು. ಆ ಬಿಂದುವಿನಿಂದ ದೀಪದ ಕಡೆಗೆ ಇನ್ನೊಂದು ಕಿರಣವನ್ನು ಕಳುಹಿಸಿ, ನಡುವೆ ಅಡ್ಡಿಯಿದ್ದರೆ ನೆರಳೆಂದು ತಿಳಿಯುವರು. ವಸ್ತುವು ನುಣುಪಾಗಿದ್ದರೆ ಕಿರಣವು ಪುಟಿದು ಮುಂದೆ ಹೋಗಿ ಮತ್ತೊಂದನ್ನು ಮುಟ್ಟುವುದು. ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇಗುಲದ ನುಣುಪಾದ ಕಂಬಗಳಲ್ಲಿ ತಮ್ಮ ನೆರಳುರೂಪವು ಬಾಗಿ ಕಂಡುದನ್ನು ನೋಡಿದವರಿಗೆ ಈ ಪಾಠವು ಅರ್ಧ ತಿಳಿದಂತೆಯೇ.

ಗಣಕಯಂತ್ರದಲ್ಲಿ ಈ ಕ್ರಮವನ್ನು 1968ರಲ್ಲಿ ಆರ್ಥರ್ ಆಪೆಲ್ ಎಂಬವರು ಪ್ರಯೋಗಿಸಿದರು. ಪ್ರತಿಬಿಂಬಗಳನ್ನೂ ಸೇರಿಸಿ 1980ರಲ್ಲಿ ಪ್ರಕಟಿಸಿದವರು ಟರ್ನರ್ ವಿಟೆಡ್. ಅವರ ಒಂದು ಚಿತ್ರಕ್ಕೆ 74 ನಿಮಿಷಗಳು ಹಿಡಿದವು. ಅಗಲಕ್ಕೆ 640, ಎತ್ತರಕ್ಕೆ 480 ಚುಕ್ಕೆಗಳೆಂದರೆ ಒಟ್ಟು 3,07,200 ಚುಕ್ಕೆಗಳಾದವು. ಡ್ಯೂರರನ ಇಬ್ಬರು ಕೆಲಸಗಾರರು ನಿಮಿಷಕ್ಕೊಂದರಂತೆ ಹಗಲಿರುಳು ಇಟ್ಟರೂ 213 ದಿನಗಳು ಬೇಕು. 2011ರಲ್ಲಿ ಬಂದ ವೆಬ್‌ಜಿಎಲ್, 2023ರಲ್ಲಿ ಕ್ರೋಮ್ ಬ್ರೌಸರಿಗೆ ಬಂದ ವೆಬ್‌ಜಿಪಿಯು ಎಂಬ ಸಾಧನಗಳು ಸಾವಿರಾರು ಚುಕ್ಕೆಗಳನ್ನು ಏಕಕಾಲದಲ್ಲಿ ಎಣಿಸುವ ಚಿತ್ರಯಂತ್ರದ ಬಲವನ್ನು ಬ್ರೌಸರಿಗೇ ಒದಗಿಸಿದುದರಿಂದ, ಈಗ ಅದು ಕಣ್ಣೆವೆಯಿಕ್ಕುವಷ್ಟರಲ್ಲಿ ಆಗುವುದು. ಬ್ರೌಸರು ಕ್ರಯಕ್ಕೆ ಕೊಳ್ಳಬೇಕಾದ ವಸ್ತುವಲ್ಲವಾದ ಕಾರಣ, ಮನೆಯಲ್ಲಿ ಸಾಧಾರಣ ಯಂತ್ರವೊಂದಿದ್ದರೆ ಕಲಿಯುವವಳಿಗೆ ಬೇರೆ ಖರ್ಚಿಲ್ಲ. ಪೋಷಕರು ಇದನ್ನು ಗಮನಿಸಬೇಕು. ಬಣ್ಣದ ಆಟಗಳನ್ನು ನೋಡಿದೊಡನೆ ಅವನ್ನೇ ಮಾಡಹೊರಡುವುದಕ್ಕಿಂತ, ಒಂದೇ ಗೋಳ, ಒಂದೇ ದೀಪ, ಒಂದೇ ನೆರಳು ಎಂದು ಡ್ಯೂರರನ ತಾಳ್ಮೆಯಿಂದ ತೊಡಗುವುದು ಲೇಸು.

ಡ್ಯೂರರನು 1528ನೆಯ ಇಸವಿ ಏಪ್ರಿಲ್ 6ರಂದು, ಐವತ್ತಾರನೆಯ ವಯಸ್ಸಿನಲ್ಲಿ, ತನ್ನ ಹುಟ್ಟೂರಿನಲ್ಲಿಯೇ ದೇಹವನ್ನು ಬಿಟ್ಟನು. ಬಾರ್ಬರಿಯು ಹೇಳಿಕೊಡದಿದ್ದ ಮನುಷ್ಯದೇಹದ ಅಳತೆಗಳನ್ನು ಕುರಿತ ನಾಲ್ಕು ಭಾಗಗಳ ಗ್ರಂಥವು ಆಗ ಇನ್ನೂ ಪೂರ್ತಿಯಾಗಿ ಹೊರಬಂದಿರಲಿಲ್ಲ. ವಿಧವೆಯಾದ ಆಗ್ನೆಸಳು, ಪಿರ್ಕ್‌ಹೈಮರ್ ಮೊದಲಾದ ಮಿತ್ರರ ಸಹಾಯದಿಂದ, ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅದನ್ನು ಹೊರತಂದಳು. ಅಳತೆಯ ಗ್ರಂಥದ ಎರಡನೆಯ ಮುದ್ರಣವು 1538ರಲ್ಲಿ ಬಂದಿತು. ನೋಟವನ್ನು ಅಳೆಯುವ ಇನ್ನೆರಡು ಉಪಕರಣಗಳ ಚಿತ್ರಗಳು ಅದರಲ್ಲಿ ಹೊಸದಾಗಿ ಸೇರಿದ್ದವು.