ಸಂಖ್ಯೆಗಳಿಗೆ ಜಾಗ ಗೊತ್ತುಮಾಡಿದ ಅಡಾ

ಮಕ್ಕಳೇ, ಸ್ಲೇಟಿನ ಮೇಲೆ ದೊಡ್ಡ ಭಾಗಾಕಾರ ಮಾಡುವಾಗ ಜಾಗ ಸಾಲದೆ ಒದ್ದಾಡಿದ್ದೀರಲ್ಲವೇ? ಆಗ ಏನು ಮಾಡುತ್ತೀರಿ? ಕೆಲಸ ಮುಗಿದ ಅಂಕಿಗಳನ್ನು ಒರೆಸಿ ಅಲ್ಲೇ ಮುಂದಿನ ಲೆಕ್ಕ ಬರೆಯುತ್ತೀರಿ. ಅವಸರದಲ್ಲಿ ಇನ್ನೂ ಬೇಕಾಗಿದ್ದ ಅಂಕಿಯನ್ನೇ ಒರೆಸಿಬಿಟ್ಟರೆ? ಲೆಕ್ಕ ಮತ್ತೆ ಮೊದಲಿನಿಂದ! ಗಣಕಯಂತ್ರಕ್ಕೂ ಇದೇ ಕಷ್ಟವಿದೆ. ಅದರ ಮೆಮೊರಿ, ಅಂದರೆ ಸ್ಮರಣೆ, ಎಷ್ಟೇ ದೊಡ್ಡದಾದರೂ ಅದಕ್ಕೊಂದು ಮಿತಿ ಉಂಟು. ಯಾವ ಸಂಖ್ಯೆಯನ್ನು ಎಲ್ಲಿ ಇಡಬೇಕು, ಯಾವಾಗ ಅಳಿಸಿ ಜಾಗ ತೆರವು ಮಾಡಬೇಕು ಎಂದು ಯಾರಾದರೂ ಯೋಚಿಸಲೇಬೇಕು. ಇಂದಿನ ಗಣಕಯಂತ್ರಗಳು ಹುಟ್ಟುವ ಸುಮಾರು ನೂರು ವರ್ಷ ಮೊದಲೇ ಇದನ್ನು ಕಾಗದದ ಮೇಲೆ ಬರೆದು ತೋರಿಸಿದವಳು ಅಡಾ ಲವ್‌ಲೇಸ್.

ಅಡಾ ಹುಟ್ಟಿದ್ದು 1815ರ ಡಿಸೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಹೆಸರಾಂತ ಕವಿ ಲಾರ್ಡ್ ಬೈರನ್. ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ತಂದೆ ತಾಯಿ ಬೇರೆಯಾದರು. ಇಂಗ್ಲೆಂಡ್ ಬಿಟ್ಟು ಹೋದ ಬೈರನ್ ಮತ್ತೆ ಮಗಳ ಮುಖ ನೋಡಲಿಲ್ಲ. ಆಕೆಗೆ ಎಂಟು ವರ್ಷವಾಗಿದ್ದಾಗ ಗ್ರೀಸ್ ದೇಶದಲ್ಲಿ ತೀರಿಕೊಂಡ. ತಂದೆಯ ಚಂಚಲ ಸ್ವಭಾವ ಮಗಳಿಗೆ ಬಾರದಿರಲಿ ಎಂದು ತಾಯಿ ಮನೆಯಲ್ಲೇ ಗಣಿತ ಪಾಠ ಹೇಳಿಸಿದಳು. ಹನ್ನೆರಡನೆಯ ವಯಸ್ಸಿಗೆ ಅಡಾಳಿಗೆ ಹಾರುವ ಹಂಬಲ! ಹಕ್ಕಿಗಳ ರೆಕ್ಕೆಯನ್ನು ಅಭ್ಯಾಸ ಮಾಡಿ ತನಗೂ ರೆಕ್ಕೆ ಮಾಡಿಕೊಳ್ಳುವ ಯೋಜನೆ ಹಾಕಿದಳು. ಆದರೆ 1829ರಲ್ಲಿ ದಡಾರ ಬಂದು ಕಾಲುಗಳ ಶಕ್ತಿಯೇ ಹೋಯಿತು. ಬಹುಕಾಲ ಹಾಸಿಗೆಯಲ್ಲೇ ಇದ್ದು, ಬಳಿಕ ಊರುಗೋಲು ಹಿಡಿದು ನಡೆದಳು.

1833ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆಕೆ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ನ ಪರಿಚಯವಾಗಿ ಆತನ ಲೆಕ್ಕ ಮಾಡುವ ಯಂತ್ರವನ್ನು ಕಂಡಳು. ಹಲ್ಲುಚಕ್ರಗಳು ತಿರುಗಿ ಉತ್ತರ ಬರುವುದನ್ನು ನೋಡಿ ಮನಸೋತಳು. ಮದುವೆಯಾಗಿ ಮೂವರು ಮಕ್ಕಳಾದ ಮೇಲೂ ಓದು ಬಿಡಲಿಲ್ಲ. 1840ರಿಂದ ಆಗಸ್ಟಸ್ ಡಿ ಮಾರ್ಗನ್ ಎಂಬ ಗಣಿತಜ್ಞನಲ್ಲಿ ಹೆಚ್ಚಾಗಿ ಪತ್ರಗಳ ಮೂಲಕವೇ ಪಾಠ ಕಲಿತಳು. ಈ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಮದುರೆಯಲ್ಲಿ!

ಅಷ್ಟರಲ್ಲಿ ಬ್ಯಾಬೇಜ್ ಇನ್ನೂ ದೊಡ್ಡ ಯಂತ್ರವೊಂದರ ನಕ್ಷೆ ಬರೆಯುತ್ತಿದ್ದ. ಅದರಲ್ಲಿ ಎರಡು ಮುಖ್ಯ ಭಾಗ. ಲೆಕ್ಕ ಮಾಡುವ ಭಾಗಕ್ಕೆ ಗಿರಣಿ ಎಂದೂ, ಸಂಖ್ಯೆಗಳನ್ನು ಇಡುವ ಭಾಗಕ್ಕೆ ಉಗ್ರಾಣ ಎಂದೂ ಅರ್ಥ ಬರುವ ಹೆಸರುಗಳನ್ನು ಇಟ್ಟಿದ್ದ. ಉಗ್ರಾಣದಲ್ಲಿ ಸಾಲು ಸಾಲು ಕಂಬಗಳು. ಒಂದು ಕಂಬದಲ್ಲಿ ಒಂದು ಸಂಖ್ಯೆ. ಏನು ಮಾಡಬೇಕೆಂದು ಯಂತ್ರಕ್ಕೆ ತಿಳಿಸಲು ತೂತು ಹೊಡೆದ ರಟ್ಟಿನ ಕಾರ್ಡುಗಳು. ರೇಷ್ಮೆ ಸೀರೆಗೆ ಹೂಬಳ್ಳಿ ನೇಯುವ ಜಕಾರ್ಡ್ ಮಗ್ಗದಲ್ಲಿ ಇರುವಂಥವೇ ಇವು.

ಈ ಯಂತ್ರದ ಬಗ್ಗೆ ಇಟಲಿಯ ಮೆನಾಬ್ರಿಯಾ ಎಂಬ ಎಂಜಿನಿಯರ್ 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನ ಬರೆದ. ಅಡಾ ಅದನ್ನು ಇಂಗ್ಲಿಷಿಗೆ ತಂದು ತನ್ನದೇ ಟಿಪ್ಪಣಿಗಳನ್ನು ಸೇರಿಸಿದಳು. ಟಿಪ್ಪಣಿಗಳು ಮೂಲ ಲೇಖನಕ್ಕಿಂತ ಎಷ್ಟೋ ಉದ್ದವಾದವು! 1843ರಲ್ಲಿ ಅಚ್ಚಾದಾಗ ಕೆಳಗೆ ಪೂರ್ಣ ಹೆಸರಿರಲಿಲ್ಲ, ಮೂರು ಇನಿಷಿಯಲ್ ಮಾತ್ರ.

ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಯಂತ್ರದಿಂದ ಲೆಕ್ಕ ಹಾಕಿಸುವ ವಿಧಾನವಿದೆ. ಇವು ಒಂದು ಬಗೆಯ ಸಂಖ್ಯೆಗಳ ಸಾಲು. ಮುಂದಿನದು ಬೇಕಾದರೆ ಹಿಂದಿನವೆಲ್ಲ ಕೈಯಲ್ಲಿರಬೇಕು. ಇದರ ಬೀಜಗಣಿತವನ್ನು ಬ್ಯಾಬೇಜ್ ಮಾಡಿಕೊಟ್ಟ. ಅದರಲ್ಲೇ ಆತ ಮಾಡಿದ್ದ ದೊಡ್ಡ ತಪ್ಪೊಂದನ್ನು ಅಡಾ ಹಿಡಿದಳು! ಬಳಿಕ 25 ಹೆಜ್ಜೆಗಳ ಪಟ್ಟಿ ಸಿದ್ಧವಾಯಿತು. ಮೊದಲ ಮೂರು ಕಂಬಗಳು ಕೊಟ್ಟ ಸಂಖ್ಯೆಗಳಿಗೆ, 4ರಿಂದ 13ರವರೆಗಿನವು ನಡುವಿನ ಲೆಕ್ಕಕ್ಕೆ, 21ರಿಂದ 24ರವರೆಗಿನವು ಉತ್ತರಗಳಿಗೆ. ಉತ್ತರದ ಕಂಬಗಳನ್ನು ಮುಟ್ಟುವಂತಿಲ್ಲ. ನಡುವಿನ ಕಂಬಗಳಲ್ಲಿ ಮಾತ್ರ ಕೆಲಸ ಮುಗಿದೊಡನೆ ಸೊನ್ನೆ ಬರಿಸಿ, ಅದೇ ಕಂಬಕ್ಕೆ ಹೊಸ ಸಂಖ್ಯೆ. ಒಂದು ಕಂಬದ ಸಂಖ್ಯೆ ಎಷ್ಟನೆಯ ಬಾರಿ ಬದಲಾಗಿದೆ ಎಂಬುದಕ್ಕೂ ಪಕ್ಕದಲ್ಲಿ ಪುಟ್ಟ ಅಂಕಿ ಬರೆದಿದೆ. ಸ್ಲೇಟು ಒರೆಸುವಾಗ ನಾವ್ಯಾರೂ ಇಷ್ಟು ಎಚ್ಚರ ವಹಿಸುವುದಿಲ್ಲ! ಇಷ್ಟಾದರೂ ಅಚ್ಚಾದ ಪಟ್ಟಿಯ 4ನೆಯ ಹೆಜ್ಜೆಯಲ್ಲಿ ಭಾಜ್ಯ, ಭಾಜಕಗಳು ಅದಲು ಬದಲಾಗಿವೆ.

ಅಡಾ ಎಲ್ಲ ಜಾಗವನ್ನೂ ಮೊದಲೇ ಗೊತ್ತುಮಾಡಿದ್ದಳು. ಎಷ್ಟು ಸಂಖ್ಯೆಗಳು ಬರುತ್ತವೆ ಎಂದು ಮೊದಲು ತಿಳಿಯದೇ ಇದ್ದರೆ? ಮದುವೆ ಮನೆಯಲ್ಲಿ ಬಂದವರನ್ನು ನೋಡಿಕೊಂಡು ಎಲೆ ಹಾಕುತ್ತಾರಲ್ಲ, ಹಾಗೆ ಮಾಡಬೇಕಾಗುತ್ತದೆ. 1970ರ ದಶಕದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಎಂಬ ಗಣಕ ಭಾಷೆಯಲ್ಲಿ ಇದಕ್ಕೆ ದಾರಿಯಿದೆ. ಪ್ರೋಗ್ರಾಂ ನಡೆಯುತ್ತಿರುವಾಗಲೇ ಮ್ಯಾಲಕ್ ಎಂಬ ಆಜ್ಞೆಯಿಂದ ಮೆಮೊರಿಯಲ್ಲಿ ಜಾಗ ಕೇಳಿ ಪಡೆಯಬಹುದು. ಕೆಲಸವಾದ ಮೇಲೆ ಫ್ರೀ ಎಂಬ ಆಜ್ಞೆಯಿಂದ ಹಿಂದಿರುಗಿಸಬೇಕು. ಉಂಡ ಎಲೆ ಎತ್ತದಿದ್ದರೆ ಮುಂದಿನ ಪಂಕ್ತಿಗೆ ಜಾಗವೆಲ್ಲಿ? ಮೆಮೊರಿ ತುಂಬಿ ಪ್ರೋಗ್ರಾಂ ನಿಂತೇಹೋಗಬಹುದು. ಉಣ್ಣುತ್ತಿರುವವರ ಎಲೆ ಎತ್ತಿದರೆ ಇನ್ನೂ ಅನಾಹುತ!

ಬ್ಯಾಬೇಜ್‌ನ ಆ ದೊಡ್ಡ ಯಂತ್ರ ಆತನ ಜೀವಮಾನದಲ್ಲಿ ಪೂರ್ಣವಾಗಲೇ ಇಲ್ಲ. ಅಡಾಳ ಪಟ್ಟಿ ಕಾಗದದ ಮೇಲೆಯೇ ಉಳಿಯಿತು. ಕ್ಯಾನ್ಸರ್‌ನಿಂದ ಬಹಳ ನೋವು ತಿಂದು 1852ರ ನವೆಂಬರ್ 27ರಂದು ಆಕೆ ತೀರಿಕೊಂಡಳು. ಆಗ ವಯಸ್ಸು 36. ತಂದೆ ಸತ್ತದ್ದೂ ಅದೇ ವಯಸ್ಸಿನಲ್ಲಿ. ಆಕೆಯ ಇಚ್ಛೆಯಂತೆ, ನೋಡಿದ ನೆನಪೇ ಇಲ್ಲದ ಆ ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದರು.

ಮುಂದೆ ಅಮೆರಿಕದ ರಕ್ಷಣಾ ಇಲಾಖೆ ತಾನು ಮಾಡಿಸಿದ ಹೊಸ ಗಣಕ ಭಾಷೆಗೆ ಅಡಾ ಎಂದು ಹೆಸರಿಟ್ಟಿತು. 1980ರಲ್ಲಿ, ಆಕೆ ಹುಟ್ಟಿದ ದಿನವಾದ ಡಿಸೆಂಬರ್ 10ರಂದೇ, ಅದರ ನಿಯಮಗಳಿಗೆ ಒಪ್ಪಿಗೆ ಸಿಕ್ಕಿತು. ಆ ನಿಯಮಪುಸ್ತಕಕ್ಕೆ ಕೊಟ್ಟ ಸಂಖ್ಯೆ 1815.